ಪಾದವೋ ಚಕ್ರವೋ

ನಮ್ಮ ಮನೆಯಲ್ಲಿ ಕಂಪ್ಯೂಟರ್ ಬಲ್ಲವನು ನಾನೊಬ್ಬನೇ ಎಂಬ ಸುದ್ದಿ ಹಬ್ಬಿಸಿದವನೂ ನಾನೇ. ಗಜೇಂದ್ರಗಡದಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿ ಮೇಲೆ ಆರು ತಿಂಗಳ ಕೋರ್ಸ್ ಮುಗಿಸಿದ್ದೆ. ಅಲ್ಲಿ ಹನ್ನೆರಡು ಮಂದಿಗೆ ಮೂರು ಕಂಪ್ಯೂಟರ್. ಹೀಗಾಗಿ ಆರು ತಿಂಗಳಲ್ಲಿ ಹೆಚ್ಚಿನ ಹೊತ್ತು ನಾನು ಮಾಡಿದ್ದು ಬೇರೆಯವರ ಹೆಗಲ ಮೇಲಿಂದ ಇಣುಕುವ ಕೆಲಸ. ಪ್ರಮಾಣಪತ್ರದಲ್ಲಿ ಇಣುಕಿದ ವಿಷಯವೇನೂ ಇರಲಿಲ್ಲ, ಸುದೈವ. ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿ ರೋಣದ ನಮ್ಮ ಮನೆಯ ಪಡಸಾಲೆಯಲ್ಲಿ, ಬಂದವರ ಕಣ್ಣಿಗೆ ಬಿದ್ದೇ ತೀರುವ ಜಾಗದಲ್ಲಿ ತೂಗುಹಾಕಿದ್ದೆ.

ನಮ್ಮದು ಹಿಟ್ಟಿನ ಗಿರಣಿ. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದೇ ಗೋಡೆ. ಗಿರಣಿಯನ್ನು ನಡೆಸುತ್ತಿದ್ದವನು ಅಣ್ಣ ಎಂದು ಊರು ತಿಳಿದಿತ್ತು. ಕಲ್ಲು ಕಟೆಯುವುದು, ಬೆಲ್ಟ್ ಏರಿಸುವುದು, ಮೋಟಾರ್ ಹಚ್ಚುವುದು ಅವನದೇ, ನಿಜ. ಆದರೆ ಯಾರ ಜೋಳ ಯಾವುದು, ಯಾರಿಗೆ ಸಣ್ಣ ಹಿಟ್ಟು ಬೇಕು, ಯಾರದು ಮೊದಲು ಎಂಬುದನ್ನೆಲ್ಲ ನೋಡಿಕೊಳ್ಳುತ್ತಿದ್ದವರು ವೈನಿ, ಅಂದರೆ ಅಣ್ಣನ ಹೆಂಡತಿ. ಜನ ತಮ್ಮ ಡಬ್ಬಿಯನ್ನು ಸಾಲಿನಲ್ಲಿಟ್ಟು ಬೇರೆ ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಮನುಷ್ಯರ ಪರವಾಗಿ ಡಬ್ಬಿಗಳೇ ಸರದಿಯಲ್ಲಿ ನಿಲ್ಲುತ್ತಿದ್ದವು. ಒಂದೆರಡು ಡಬ್ಬಿಗೆ ಮೋಟಾರ್ ಹಚ್ಚುವ ಪದ್ಧತಿ ನಮ್ಮಲ್ಲಿರಲಿಲ್ಲ. ಐದಾರು ಕೂಡಿದ ಮೇಲೆ ಅಣ್ಣ ಮೋಟಾರಿನ ಹಿಡಿಕೆ ಎಳೆಯುತ್ತಿದ್ದ, ಅಷ್ಟೂ ಬೀಸಿ ನಿಲ್ಲಿಸುತ್ತಿದ್ದ, ಮತ್ತೆ ಐದಾರು ಕೂಡಿದಾಗ ಮತ್ತೆ ಎಳೆಯುತ್ತಿದ್ದ. ದಿನಕ್ಕೆ ಎಂಟು ಹತ್ತು ಸಲ ಹೀಗೆ. ಈ ಮಾತನ್ನು ಓದುವವರು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ವೈನಿಯ ತವರು ಚಿಕ್ಕನರಗುಂದ. ಮದುವೆಗೆ ಮುಂಚೆ ಪದವಿ ಮುಗಿಸಿ, ಟೈಪಿಂಗ್ ಪರೀಕ್ಷೆಯನ್ನೂ ಪಾಸು ಮಾಡಿದ್ದರು. ಆ ವರ್ಷ ನರಗುಂದದ ಒಂದು ಶಾಲೆಯಲ್ಲಿ ಕಚೇರಿ ಕೆಲಸಕ್ಕೆ ಟೈಪಿಸ್ಟ್ ಬೇಕೆಂಬ ಜಾಹೀರಾತು ಬಂತು. ಮೂರು ತಿಂಗಳ ನಂತರ ಪರೀಕ್ಷೆ: ಕನ್ನಡದ ಒಂದು ಪುಟ, ಇಂಗ್ಲಿಷಿನ ಒಂದು ಪುಟ, ಕಂಪ್ಯೂಟರಿನಲ್ಲಿ ಹೊಡೆದು ತೋರಿಸಬೇಕು. ಅದೊಂದು ವರ್ಷ ದಾಟಿದರೆ ವೈನಿಯ ವಯಸ್ಸು ಅರ್ಜಿ ಹಾಕುವ ಮಿತಿಯನ್ನೂ ದಾಟುತ್ತಿತ್ತು. ಎಂದೂ ಏನನ್ನೂ ಕೇಳದವರು ಅಂದು ಅಪ್ಪನ ಮುಂದೆ ನಿಂತು ಕೇಳಿದರು.

"ಹಿಟ್ಟಿನ ಕೆಲಸ ಬ್ಯಾಸರಾಗಿ ಕೇಳಾಕತ್ತಿಲ್ರಿ ಮಾವಾರ. ಒಂದು ಹಾಜರಿ ಪುಸ್ತಕದಾಗ ನನ್ನ ಹೆಸರು ಇರಬೇಕು, ಅದರ ಮುಂದ ದಿನಾ ನಾನ ಸಹಿ ಮಾಡಬೇಕು. ಅಷ್ಟ ಆಸೆ ಐತಿ."

ಅಪ್ಪ ಬಹಳ ಹೊತ್ತು ಮೀಸೆ ಸವರಿದರು. ಆಮೇಲೆ ನನ್ನ ಕಡೆ ಕೈ ತೋರಿಸಿ, "ಇಂವ ಹ್ಯಾಂಗೂ ಖಾಲಿ ಅದಾನ. ಕಂಪ್ಯೂಟರ್ ತಂದು ಕಲಸಲಿ" ಅಂದರು. ಖಾಲಿ ಎಂಬ ಮಾತು ನನಗೆ ಚುಚ್ಚಿತು, ಆದರೆ ಕಂಪ್ಯೂಟರ್ ಎಂಬ ಮಾತು ಆ ಗಾಯಕ್ಕೆ ಕೂಡಲೇ ಮುಲಾಮು ಹಚ್ಚಿತು.

ಕಂಪ್ಯೂಟರ್ ಬಂತು. ಪಡಸಾಲೆಯ ಗಿರಣಿ ಕಡೆಯ ಗೋಡೆಗೆ ಹೊಂದಿಸಿ ಇಟ್ಟೆವು, ಏಕೆಂದರೆ ಗಿರಣಿಯ ಲೈನಿನಿಂದ ಎಳೆದ ಪ್ಲಗ್ಗು ಅಲ್ಲೇ ಇತ್ತು. ಕರೆಂಟು ಹೋದರೆ ಕಾಯುವ ಬ್ಯಾಟರಿ ಪೆಟ್ಟಿಗೆಯನ್ನು ಆಮೇಲೆ ನೋಡೋಣ ಎಂದು ಬಿಟ್ಟಿದ್ದೆವು. ಹಿಟ್ಟಿನ ಧೂಳು ಬೀಳಬಾರದೆಂದು ಅವ್ವ ಹಳೆಯ ಇಳಕಲ್ ಸೀರೆ ಹರಿದು, ಹಸುಗೂಸಿಗೆ ಹೊಲಿಯುವ ಕುಂಚಿಗಿಯ ಹಾಗೆ ಒಂದು ಹೊದಿಕೆ ಹೊಲಿದಳು. ವೈನಿ ಕನ್ನಡದ ಕೀಲಿಗಳ ಪಟ್ಟಿಯನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದರು. ಮರುದಿನವೇ ಕೂತು ಹೊಡೆಯಲು ಅವರು ತಯಾರು.

ತಯಾರಿಲ್ಲದವನು ನಾನು. ಅಂಗಡಿಯವರು ಕಂಪ್ಯೂಟರಿನೊಳಗೆ ಹಾಕಿಕೊಟ್ಟ ತಂತ್ರಾಂಶ ಎಲ್ಲರ ಬಳಿಯೂ ಇರುವಂಥದ್ದು. ಎಲ್ಲರ ಬಳಿ ಇರುವುದು ನಮ್ಮಲ್ಲಿಯೂ ಇದ್ದರೆ ಚೌಕಟ್ಟಿನೊಳಗಿನ ಪ್ರಮಾಣಪತ್ರಕ್ಕೆ ಏನು ಬೆಲೆ? ಕಂಪ್ಯೂಟರ್ ಪತ್ರಿಕೆಗಳ ಜೊತೆ ಪುಕ್ಕಟೆ ಬಂದ, ಲಿನಕ್ಸ್ ಎಂಬ ಬೇರೆಯೇ ತಂತ್ರಾಂಶದ ಎರಡು ಸಿ.ಡಿ.ಗಳು ನನ್ನ ಹತ್ತಿರ ಇದ್ದವು. ಎರಡರಲ್ಲೂ ಬೇರೆ ಬೇರೆ ಡೆಸ್ಕ್‌ಟಾಪ್. ಡೆಸ್ಕ್‌ಟಾಪ್ ಎಂದರೆ ಕಂಪ್ಯೂಟರ್ ಹಚ್ಚಿದ ಕೂಡಲೇ ಎದುರಿಗೆ ಬರುವ ಪರದೆಯ ಅಂಗಳ: ಹಿಂದೊಂದು ಚಿತ್ರ, ಮೇಲೆ ಸಣ್ಣ ಸಣ್ಣ ಗುರುತುಗಳು, ಒಂದು ಪಟ್ಟಿ, ಒಂದು ಗಡಿಯಾರ. ಒಂದು ಸಿ.ಡಿ.ಯ ಡೆಸ್ಕ್‌ಟಾಪಿಗೆ ಪಾದದ ಗುರುತು, ಇನ್ನೊಂದಕ್ಕೆ ಹಲ್ಲುಚಕ್ರದ ಗುರುತು. ಎರಡರಲ್ಲಿ ಯಾವುದು ನಮ್ಮ ಮನೆಗೆ ತಕ್ಕುದು? ವೈನಿಗೆ ಮೂರು ತಿಂಗಳ ಕಾಲವಿತ್ತು. ಅದರಲ್ಲಿ ಒಂದು ವಾರವನ್ನು ಈ ಆಯ್ಕೆಗೆ ಕೊಟ್ಟರೆ ತಪ್ಪಿಲ್ಲ ಎಂದು ನಾನು ತೀರ್ಮಾನಿಸಿದೆ. ಕಾಲ ಅವರದು, ಕೊಟ್ಟವನು ನಾನು.

ನಮ್ಮ ಕಡೆ ಎತ್ತು ತರಲಿ, ಕನ್ಯಾ ತರಲಿ, ಮನೆಮಂದಿಯೆಲ್ಲ ಕೂತು ನೋಡದೆ ಒಪ್ಪಿಗೆ ಇಲ್ಲ. ಡೆಸ್ಕ್‌ಟಾಪಿಗೂ ಅದೇ ಕ್ರಮ ಎಂದೆ. ಸೋಮವಾರ ಗಿರಣಿಗೆ ಸೂಟಿ, ಅಂದರೆ ರಜೆ. ಒಂದು ಸೋಮವಾರ ಪಾದ, ಮುಂದಿನ ಸೋಮವಾರ ಚಕ್ರ ಎಂದು ಗೊತ್ತುಮಾಡಿದೆ. ಅವ್ವ ಒಗ್ಗರಣೆ ಅವಲಕ್ಕಿ ಮಾಡಿದಳು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಕುರ್ಚಿಯಲ್ಲಿ ಕೂತರು. ನಾನು ಕುಂಚಿಗಿ ಸರಿಸಿದೆ.

ಪಾದ ಕಂಡ ಕೂಡಲೇ ಅವ್ವ ಕೈಮುಗಿದಳು. ನನಗೆ ಹಿಗ್ಗಾಯಿತು. ಆದರೆ ಅವಳು ಮುಗಿದ ಕೈ ಇಳಿಸದೆ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ಎಣಿಸಿದಳು.

"ನಾಕ ಬೆರಳ ಅದಾವಲ್ಲೋ! ಇನ್ನೊಂದು ಎಲ್ಲಿ ಹೋತು?"

ಅದುವರೆಗೆ ನಾನು ಎಣಿಸಿರಲಿಲ್ಲ. ಎಣಿಸಿದೆ. ನಾಲ್ಕೇ. ಕೋರ್ಸಿನಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ.

"ಒಂದ ಬೆರಳ ಇಲ್ಲದ ಪಾದ ಮನಿಯಾಗ ಬ್ಯಾಡಪ್ಪಾ" ಎಂದು ಅವ್ವ ಒಳಗೆ ಹೋದಳು. ಅಪ್ಪ ಕನ್ನಡಕ ಏರಿಸಿ, "ಗಡಿಯಾರ ಎಲ್ಲೈತಿ?" ಎಂದು ಕೇಳಿದರು. ತೋರಿಸಿದೆ. "ಭಾಳ ಸಣ್ಣದಾತು" ಅಂದರು. ಮುಂದಿನ ಸೋಮವಾರ ಚಕ್ರವನ್ನು ಅಣ್ಣ ಗಿರಣಿಯವನ ಕಣ್ಣಿಂದಲೇ ನೋಡಿ, "ಹಲ್ಲು ಚಲೋ ಅದಾವ, ಸವದಿಲ್ಲ. ಇದನ್ನ ಇಟ್ಕೋ" ಎಂದ. ಅಪ್ಪನ ಪ್ರಕಾರ ಇದರ ಗಡಿಯಾರ ಪರವಾಗಿಲ್ಲ. ಕಡೆಗೆ, ಅವಲಕ್ಕಿ ತಟ್ಟೆ ಎತ್ತುತ್ತಿದ್ದ ವೈನಿಯನ್ನೂ ಕೇಳಿದೆ.

"ಯಾವುದಾದ್ರೂ ಆಗಲಿ ತಮ್ಮಾ. ಬರಿಯೋ ಜಾಗ ಎಲ್ಲೈತಿ ಅದನ್ನ ತೋರಿಸು."

"ಅದು ಆಮ್ಯಾಲ ವೈನಿ. ಮೊದಲ ಇದು ಆಗಲಿ" ಎಂದೆ. ಆ ಮಾತನ್ನು ನೆನೆದರೆ ಈಗಲೂ ನನ್ನ ತಲೆಗೆ ನಾನೇ ಒಂದು ಮೊಟಕಬೇಕು ಎನಿಸುತ್ತದೆ.

ಚಕ್ರಕ್ಕೆ ಬಹುಮತ ಬಂತು. ವೈನಿ ಮಂಗಳವಾರ ಬೆಳಿಗ್ಗೆ ಅಡುಗೆ ಮುಗಿಸಿ ಬಂದು ಕೂತರು. ಬರೆಯುವ ಜಾಗವನ್ನು ನಾನು ತೋರಿಸಿದೆ, ಹುಡುಕಲು ನನಗೂ ಕಾಲು ತಾಸು ಬೇಕಾಯಿತು. ಅವರು ನಾಲ್ಕು ಸಾಲು ಹೊಡೆಯುವಷ್ಟರಲ್ಲಿ ಪರದೆ ಒಮ್ಮೆ ಕುಗ್ಗಿ ಕಪ್ಪಾಯಿತು. ಕಂಪ್ಯೂಟರ್ ತಾನಾಗಿಯೇ ಮತ್ತೆ ಎದ್ದು, ಕರಿ ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಏನೇನೋ ತಪಾಸಣೆ ನಡೆಸಿ ಹತ್ತು ನಿಮಿಷದ ಮೇಲೆ ದಾರಿಗೆ ಬಂತು. ಮಧ್ಯಾಹ್ನ ಮತ್ತೆ ಅದೇ. ಸಂಜೆಯೊಳಗೆ ಏಳು ಸಲ.

"ಡೆಸ್ಕ್‌ಟಾಪ್ ಭಾರ ಆಗೇತಿ" ಎಂದು ನಾನು ರೋಗ ಕಂಡುಹಿಡಿದೆ. ಒಂದು ನೋಟುಬುಕ್ಕು ತಂದು ದಾಖಲೆ ಶುರುಮಾಡಿದೆ. ಮಂಗಳವಾರ ಹತ್ತೂವರೆ, ಚಕ್ರ ಬಿತ್ತು, ಕಾರಣ: ಹಿಂದಿನ ಚಿತ್ರ ದೊಡ್ಡದು. ಬೆಟ್ಟದ ಚಿತ್ರ ತೆಗೆದು ಬರೀ ನೀಲಿ ಬಣ್ಣ ಹಾಕಿದೆ. ಬುಧವಾರ ಹನ್ನೊಂದೂ ಕಾಲು, ಮತ್ತೆ ಬಿತ್ತು, ಕಾರಣ: ಗುರುತುಗಳು ಹೆಚ್ಚಾದವು. ಅರ್ಧ ಗುರುತು ಕಿತ್ತೆ. ಗುರುವಾರ ಮೂರು ಸಲ ಬಿತ್ತು, ಕಾರಣ: ಅಕ್ಷರಗಳ ಹಿಂದಿನ ನೆರಳು. ನೆರಳನ್ನೂ ತೆಗೆದೆ. ಆಮೇಲೆ ಪರದೆ ಸಂತೆಯ ಮರುದಿನದ ಸಂತೆಮಾಳದ ಹಾಗೆ ಬಯಲಾಯಿತು, ಆದರೂ ಬೀಳುವುದು ಬಿಡಲಿಲ್ಲ. ಸೋಮವಾರ ಮಾತ್ರ ಬೀಳುತ್ತಿರಲಿಲ್ಲ. ಅದನ್ನೂ ಬರೆದುಕೊಂಡೆ, ಕಾರಣದ ಜಾಗದಲ್ಲಿ "ಹಿಂದಿನ ದಿನದ ರಿಪೇರಿ ಫಲ" ಎಂದು.

ಚಕ್ರ ತೆಗೆದು ಪಾದ ಹಾಕಿದೆ. ಅದೂ ಬಿತ್ತು. ಪಾದ ತೆಗೆದು ಚಕ್ರ. ಹೀಗೆ ತಿಂಗಳೂವರೆಯಲ್ಲಿ ಎಂಟು ಸಲ ಬದಲಿಸಿದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಬೇಕಾದದ್ದನ್ನು ಆರಿಸಿಕೊಳ್ಳಬಹುದಿತ್ತು ಎಂಬುದು ಆಮೇಲೆ ತಿಳಿಯಿತು. ನಾನು ಪ್ರತಿ ಸಲವೂ ಇದ್ದದ್ದನ್ನೆಲ್ಲ ಗುಡಿಸಿ ಹಾಕಿ ಮೊದಲಿಂದ ಶುರು ಮಾಡುತ್ತಿದ್ದೆ. ಒಂದು ಸಲ ಸಿ.ಡಿ. ಹಾಕಿ ಮುಗಿಸಿ ಬೆವರು ಒರೆಸಿಕೊಳ್ಳುತ್ತಿರುವಾಗ ವೈನಿ ಕೈಗೆ ಹತ್ತಿದ ಹಿಟ್ಟು ಕೊಡವುತ್ತ ಬಂದರು.

"ನಾ ಬರದದ್ದೆಲ್ಲ ಎಲ್ಲೈತಿ?"

"ಏನ ಬರದದ್ದು ವೈನಿ?"

"ದಿನಾ ಒಂದ ಪುಟ ಉಳಿಸಿಟ್ಟಿದ್ನೆಲ್ಲಾ."

ನೋಡಿ ಹೊಡೆಯಲು ಪುಸ್ತಕ ಸಿಗದ ದಿನಗಳಲ್ಲಿ ಅವರು ತಮ್ಮ ತವರಿನ ವಿಷಯವನ್ನೇ ಕಾಗದದ ಮೇಲೆ ಬರೆದು, ಅದನ್ನು ನೋಡಿ ಹೊಡೆಯುತ್ತಿದ್ದರು. ಹಿತ್ತಲ ಬಾವಿ, ತಾಯಿ ಹಾಡುತ್ತಿದ್ದ ಬೀಸುವ ಪದ, ಸತ್ತ ಎಮ್ಮೆ. ಹೊಡೆದಾದ ಮೇಲೆ ಕಾಗದವನ್ನು ಒಲೆಗೆ ಹಾಕುತ್ತಿದ್ದರು, ಕಂಪ್ಯೂಟರಿನಲ್ಲಿ ಇದೆಯಲ್ಲ ಎಂಬ ಧೈರ್ಯದಿಂದ. ದಿನಾ ಹೊಸ ಪುಟ ತೆಗೆದು ಹೊಡೆಯುತ್ತಿದ್ದವರು ಹಳೆಯವನ್ನು ಹುಡುಕಿದ್ದು ಅಂದೇ ಮೊದಲು. ಇಪ್ಪತ್ತಾರು ಪುಟ.

"ಡೆಸ್ಕ್‌ಟಾಪ್ ಬದಲ ಮಾಡಿದ್ರ ಅವೆಲ್ಲ ಹೋಗ್ತಾವ ವೈನಿ" ಎಂದೆ, ಮೋಡ ಬಂದರೆ ಬಿಸಿಲು ಹೋಗುತ್ತದೆ ಎಂದು ಹೇಳುವವನ ಹಾಗೆ.

ಅವರು ಖಾಲಿ ಪರದೆಯನ್ನು ನೋಡಿದರು, ಗೋಡೆಯ ಪಟ್ಟಿಯನ್ನು ನೋಡಿದರು, ಗಿರಣಿಗೆ ಹೋಗಿ ಡಬ್ಬಿಗಳ ಎದುರು ಕೂತರು. ನನಗೆ ಬಹಳ ನಾಚಿಕೆಯಾಯಿತು. ಅವರಿಗೆ ಉಳಿದದ್ದು ಇನ್ನು ಒಂದು ತಿಂಗಳು ಚಿಲ್ಲರೆ, ಅರ್ಧಕ್ಕೂ ಹೆಚ್ಚು ಕಾಲವನ್ನು ನಾನೇ ತಿಂದಿದ್ದೆ ಎಂಬುದು ಅಂದು ಎದೆಗೆ ತಾಗಿತು. ನಾಚಿಕೆಯಾದ ಮನುಷ್ಯ ಕೈ ಕಟ್ಟಿ ಕೂರಬೇಕು. ನಾನು ತಪ್ಪು ತಿದ್ದಿಕೊಳ್ಳುವ ಆವೇಶದಲ್ಲಿ ಇನ್ನೊಮ್ಮೆ ಪಾದದ ಸಿ.ಡಿ. ಹಾಕಿದೆ.

ಈ ಸಲ ಪವಾಡವೇ ನಡೆಯಿತು. ಒಂದು ದಿನ ಬೀಳಲಿಲ್ಲ, ಎರಡು ದಿನ ಬೀಳಲಿಲ್ಲ, ಆರು ದಿನ ಒಂದು ಸಲವೂ ಬೀಳಲಿಲ್ಲ. ವೈನಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂತು ಹೊಡೆದರು. ನೋಟುಬುಕ್ಕಿನಲ್ಲಿ ದೊಡ್ಡ ಅಕ್ಷರದಲ್ಲಿ "ಪಾದಕ್ಕೆ ಜಯ" ಎಂದು ಬರೆದು ಅಡಿಗೆರೆ ಎಳೆದೆ. ನಾಲ್ಕು ಬೆರಳಾದರೇನು, ನಿಂತಿದೆಯಲ್ಲ ಎಂದು ಅವ್ವನಿಗೆ ಹೇಳಿದೆ. ಗಜೇಂದ್ರಗಡಕ್ಕೆ ಫೋನ್ ಮಾಡಿ ಕೋರ್ಸಿನ ಮಾಸ್ತರರಿಗೆ, ಯಾವ ಡೆಸ್ಕ್‌ಟಾಪ್ ಗಟ್ಟಿ ಎಂಬುದನ್ನು ನಾನು ಪ್ರಯೋಗ ಮಾಡಿ ಸಾಬೀತುಪಡಿಸಿದ್ದೇನೆ, ಬಂದು ನೋಡಬೇಕು ಎಂದೆ. ಅವರು ಪಾಪ ನಂಬಿ, ಬಸ್ಸು ಹತ್ತಿ ಬಂದರು.

ಆ ಆರು ದಿನ ನಮ್ಮ ಗಿರಣಿಯ ಮೋಟಾರ್ ಸುಟ್ಟುಹೋಗಿ, ತಂತಿ ಸುತ್ತಿಸಲು ಗಜೇಂದ್ರಗಡಕ್ಕೆ ಹೋಗಿತ್ತು. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಅದನ್ನು ಟೆಂಪೋಗೆ ಏರಿಸುವಾಗ ಒಂದು ಕೈ ನನ್ನದೂ ಇತ್ತು.

ಮಾಸ್ತರರು ಬಂದ ದಿನವೇ ಮೋಟಾರ್ ತಿರುಗಿ ಬಂದು ಕೂತಿತ್ತು. ನಾನು ಮಾಸ್ತರರನ್ನು ಅಪ್ಪನ ಕುರ್ಚಿಯಲ್ಲಿ ಕೂರಿಸಿ, ನೋಟುಬುಕ್ಕು ಕೈಗೆ ಕೊಟ್ಟು, ಪಾದದ ಗುಣಗಾನ ಶುರುಮಾಡಿದೆ. ಅಪ್ಪ, ಅವ್ವ ಬಾಗಿಲಲ್ಲಿ ನಿಂತಿದ್ದರು. ವೈನಿ ಗಿರಣಿ ಕಡೆಯಿಂದ ಇಣುಕಿದರು.

"ತಮ್ಮಾ, ಏನಾರ ಇದ್ರ ಲಗೂ ಉಳಿಸ್ಕೋ. ಹನ್ನೆರಡ ಡಬ್ಬಿ ಆಗ್ಯಾವ."

"ವೈನಿ, ಮಾಸ್ತರು ಬಂದಾರ. ಡಬ್ಬಿ ಮಾತು ಆಮ್ಯಾಲ" ಎಂದೆ, ಸ್ವಲ್ಪ ಗತ್ತಿನಿಂದಲೇ.

ಗೋಡೆಯಾಚೆ ಅಣ್ಣ ಹಿಡಿಕೆ ಎಳೆದ. ಮೋಟಾರ್ ಒಮ್ಮೆ ಗುರ್ರೆಂದಿತು. ಪಾದ ಕುಗ್ಗಿತು, ಕಪ್ಪಾಯಿತು. ಬಿಳಿ ಅಕ್ಷರಗಳು ತಪಾಸಣೆಗೆ ಇಳಿದವು.

ಮಾಸ್ತರರು ಚಹಾದ ಕಪ್ಪು ಕೆಳಗಿಟ್ಟು ಪ್ಲಗ್ಗು ನೋಡಿದರು, ಗೋಡೆಗೆ ಕಿವಿಗೊಟ್ಟರು, ನೋಟುಬುಕ್ಕಿನ ಎರಡು ಪುಟ ತಿರುವಿದರು. "ಸೋಮವಾರ ಗಿರಣಿ ಸೂಟಿ ಏನ್ರಿ?" ಎಂದು ಅಪ್ಪನನ್ನು ಕೇಳಿದರು. ಹೌದೆಂದರು ಅಪ್ಪ. ಮಾಸ್ತರರು ನೋಟುಬುಕ್ಕು ಮುಚ್ಚಿ ನನ್ನ ಕೈಗಿತ್ತರು. "ಮೋಟಾರ್ ಹಚ್ಚಿದಾಗ ಈ ಲೈನಿನ ಕರೆಂಟ್ ಕುಗ್ಗತೈತಿ, ಮನಿ ಮೀಟರಿನಿಂದ ಬ್ಯಾರೆ ವೈರ್ ಎಳಸ್ರಿ" ಎಂದು ಅಪ್ಪನಿಗೇ ಹೇಳಿದರು. ಹೋಗುವಾಗ ಚೌಕಟ್ಟಿನ ಪ್ರಮಾಣಪತ್ರದ ಮುಂದೆ ಒಂದು ಗಳಿಗೆ ನಿಂತರು. ಅದರ ಕೆಳಗೆ ಅವರದೇ ಸಹಿ ಇತ್ತು.

ವೈರಮನ್ ಬಂದು ಅರ್ಧ ತಾಸಿನಲ್ಲಿ ಕೆಲಸ ಮುಗಿಸಿ ಹೋದ. ನಾನು ವೈನಿಯ ಮುಂದೆ ಹೋಗಿ ನಿಂತೆ.

"ನಿಮಗ ಮೊದಲ ಗೊತ್ತಿತ್ತೇನ್ರಿ?"

"ಮೊದಲನೇ ದಿನಾನ ಗೊತ್ತಾತಲ್ಲ. ಮೋಟಾರ್ ಹಚ್ಚಿದ ಕೂಡಲೇ ಬೀಳ್ತೈತಿ. ಅದಕ್ಕ ನಾ ಡಬ್ಬಿ ನೋಡ್ಕೋತ ಹೊಡೀತಿದ್ದೆ. ನಾಕ ಡಬ್ಬಿ ಆದೂ ಅಂದ್ರ ಉಳಿಸಿಬಿಡೋದು."

"ಹೇಳಬಾರದಿತ್ತಾ?"

"ನೀ ಕಲತಾಂವ. ನಿನಗ ಗೊತ್ತಿರತೈತಿ, ಮತ್ತೇನೋ ದೊಡ್ಡದು ಹುಡುಕಾಕತ್ತಾನ ಅನಕೊಂಡಿದ್ದೆ."

ಅವರ ಮಾತಿನಲ್ಲಿ ಕುಹಕ ಇರಲಿಲ್ಲ, ಅದೇ ಹೆಚ್ಚು ಉರಿಯಿತು. ಹುಟ್ಟಿದಾಗಿನಿಂದ ಕೇಳಿದ ಸದ್ದು ನನ್ನ ಕಿವಿಗೆ ಬೀಳುವುದನ್ನೇ ಬಿಟ್ಟಿತ್ತು. ವೈನಿ ಗಿರಣಿಯಿಲ್ಲದ ಮನೆಯಿಂದ ಬಂದವರು, ಅವರಿಗೆ ಪ್ರತಿ ಸಲವೂ ಕೇಳಿಸುತ್ತಿತ್ತು. ಇಪ್ಪತ್ತಾರು ಪುಟದ ವಿಷಯಕ್ಕೆ ತಪ್ಪಾಯಿತು ಎಂದು ಅಂದೇ ಬಾಯಿಬಿಟ್ಟು ಹೇಳಿದೆ. "ಬಿಡು, ಎಮ್ಮಿ ಹ್ಯಾಂಗೂ ಸತ್ತಿತ್ತು" ಎಂದು ನಕ್ಕರು. ಆದರೆ ಆ ಪುಟಗಳನ್ನು ಮತ್ತೆ ಬರೆಯಲಿಲ್ಲ.

ಉಳಿದ ದಿನಗಳಲ್ಲಿ ನಾನು ಡೆಸ್ಕ್‌ಟಾಪಿನ ಸುದ್ದಿಗೆ ಹೋಗಲಿಲ್ಲ. ಸಿ.ಡಿ.ಗಳನ್ನು ಅವ್ವ ಜೋಳದ ಹೊಲದಲ್ಲಿ ಹಕ್ಕಿ ಬೆದರಿಸಲು ಕಟ್ಟಿಸಿದಳು. ಅಲ್ಲಿ ಅವು ಚೆನ್ನಾಗಿ ಕೆಲಸ ಮಾಡಿದವು.

ಪರೀಕ್ಷೆಯ ದಿನ ವೈನಿಯ ಜೊತೆ ನರಗುಂದಕ್ಕೆ ಹೋಗಿದ್ದೆ. ಶಾಲೆಯ ಬೇವಿನ ಗಿಡದ ಕೆಳಗೆ ಕೂತು, ಒಳಗಿನ ಕಂಪ್ಯೂಟರಿನಲ್ಲಿ ಏನಿದ್ದೀತು, ಪಾದವೋ ಚಕ್ರವೋ ಮೂರನೆಯದೋ, ಅದನ್ನು ಕಂಡು ಇವರು ಕಕ್ಕಾಬಿಕ್ಕಿ ಆಗುವುದಿಲ್ಲವೇ ಎಂದು ಲೆಕ್ಕ ಹಾಕುತ್ತಿದ್ದೆ. ಇವರು ಅಲ್ಲಿ ಸೋತರೆ ಸೋಲಿಸಿದವನು ನಾನೇ ಎಂಬುದರಲ್ಲಿ ನನಗೆ ಅನುಮಾನ ಇರಲಿಲ್ಲ. ಹೊರಗೆ ಬಂದಾಗ ಕೇಳುವ ಧೈರ್ಯವಾಗಲಿಲ್ಲ. ಅವರೂ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದರು.

ಹದಿನೈದು ದಿನಕ್ಕೆ ಪತ್ರ ಬಂತು. ವೈನಿಗೆ ಕೆಲಸ ಸಿಕ್ಕಿತ್ತು. ಅವ್ವ ಸಕ್ಕರೆ ಹಂಚಿದಳು. ಅಪ್ಪ ಪತ್ರವನ್ನು ಎರಡು ಸಲ ಓದಿ, ಸೊಸೆಯ ಹೆಸರಿನ ಮೇಲೆ ಬೆರಳು ಇಟ್ಟು ಇನ್ನೊಮ್ಮೆ ಓದಿದರು. ಆಮೇಲೆ ಸಹಜವಾಗಿ ಒಂದು ಪ್ರಶ್ನೆ ಎದ್ದಿತು: ಗಿರಣಿಯಲ್ಲಿ ಡಬ್ಬಿ ನೋಡುವವರು ಯಾರು? ಎಲ್ಲರೂ ನನ್ನ ಕಡೆ ನೋಡಿದರು. ಖಾಲಿ ಇದ್ದವನು ಮನೆಯಲ್ಲಿ ಒಬ್ಬನೇ.

ವೈನಿ ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಡಬ್ಬಿಗಳ ಎದುರು ಕೂತೆ. ಮಧ್ಯಾಹ್ನದೊಳಗೆ ಒಬ್ಬರ ಗೋದಿಯನ್ನು ಇನ್ನೊಬ್ಬರ ಜೋಳದ ಜೊತೆ ಬೀಸಿಸಿ ಇಬ್ಬರಿಂದಲೂ ಬೈಸಿಕೊಂಡಿದ್ದೆ. ಒಂದೇ ಥರದ ಮೂವತ್ತು ಡಬ್ಬಿಗಳಲ್ಲಿ ಯಾವುದು ಯಾರದೆಂದು ಅವರು ಹೇಗೆ ಗುರುತಿಸುತ್ತಿದ್ದರೋ ದೇವರಿಗೇ ಗೊತ್ತು. ಸಂಜೆ ಅವರು ಬಸ್ಸಿಳಿದು ಬರುವಾಗ ಹುಬ್ಬಿನವರೆಗೆ ನಾನು ಬಿಳಿಯಾಗಿದ್ದೆ.

"ಸಹಿ ಮಾಡಿದ್ರಾ ವೈನಿ?"

"ಮಾಡಿದೆ. ಹೋಗುವಾಗೊಮ್ಮಿ, ಬರುವಾಗೊಮ್ಮಿ." ಹೇಳುತ್ತ ಸೆರಗಿನಿಂದ ಮುಖ ಒರೆಸಿಕೊಂಡರು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಪರೀಕ್ಷೆಯ ದಿನದಿಂದ ಒಳಗೇ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ತಡೆಯಲಾಗಲಿಲ್ಲ.

"ಪರೀಕ್ಷಾದಾಗ ಕಂಪ್ಯೂಟರ್ ಒಳಗ ಯಾವ ಡೆಸ್ಕ್‌ಟಾಪ್ ಇತ್ರಿ? ಪಾದನೋ, ಚಕ್ರನೋ?"

ಅವರು ನಿಂತು ಪ್ರಾಮಾಣಿಕವಾಗಿ ನೆನಪು ಮಾಡಿಕೊಳ್ಳಲು ನೋಡಿದರು. ನೆನಪಾಗಲಿಲ್ಲ.

"ಬರಿಯೋ ಜಾಗ ಅವರ ತೆಗೆದು ಕೊಟ್ಟಿದ್ರು. ನಾ ಕಾಗದ ನೋಡ್ಕೋತ ಹೊಡದೆ ತಮ್ಮಾ" ಅಂದರು. ಆಮೇಲೆ ನನ್ನ ಮುಖ ನೋಡಿ ಏನೋ ತಪ್ಪಾಯಿತೇನೋ ಎಂಬ ಅಳುಕಿನಲ್ಲಿ ಕೇಳಿದರು: "ಯಾಕ, ಪರದೆನೂ ನೋಡಬೇಕಿತ್ತೇನ?"